ನಾವು ಈ ಏರಿಯಾ ಬಿಟ್ಟು ಹೋಗುವುದಿಲ್ಲ, ಅಪ್ಪಾಜಿ

ಸನ್‌ಶೈನ್, ಮೆಲ್ಬರ್ನ್
ಆಗಸ್ಟ್ ತಿಂಗಳು

ತೀರ್ಥರೂಪು ಅಪ್ಪಾಜಿ ಮತ್ತು ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಕ್ಕಳಿಗೆ ನೆಗಡಿ ಕೆಮ್ಮು ಇತ್ತು, ಈಗ ವಾಸಿ. ನಿಮ್ಮ ಅಳಿಯಂದಿರಿಗೆ ಈ ವಾರ ಬೆಳಗಿನ ಪಾಳಿ.

ಭಾನುವಾರ ಫೋನಿನಲ್ಲಿ ನೀವು ಕೇಳಿದ ಮಾತು ಮನಸ್ಸಿನಲ್ಲೇ ಉಳಿದಿದೆ. "ನಮ್ಮ ಕಡೆಯವರೆಲ್ಲ ಟಾರ್ನೀಟ್, ಪಾಯಿಂಟ್ ಕುಕ್ ಅಂತ ಹೊಸ ಬಡಾವಣೆಗೆ ಹೋದರು, ನೀವ್ಯಾಕೆ ಇನ್ನೂ ಆ ಕೂಲಿಕಾರರ ಏರಿಯಾದಲ್ಲೇ ಇದ್ದೀರಿ?" ಅಂದಿರಿ. ಮಕ್ಕಳ ಗಲಾಟೆಯಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾವು ಇಲ್ಲೇ ಇರಬೇಕು ಅಂತ ತೀರ್ಮಾನ ಮಾಡಿದ್ದೇವೆ.

ಈ ಊರಿನ ಕಥೆ ನಿಮಗೆ ಖಂಡಿತ ಹಿಡಿಸುತ್ತದೆ. ನೀವು ದಾವಣಗೆರೆಯಲ್ಲಿ ಮಿಲ್ಲಿನ ಶಿಫ್ಟು ಮಾಡಿದವರು. ಇದೂ ಕಾರ್ಖಾನೆ ಸುತ್ತ ಬೆಳೆದ ಊರೇ. ಎಚ್.ವಿ. ಮೆಕೇ ಅನ್ನುವವರು ಗೋಧಿ ಕಟಾವು ಮಾಡುವ ಯಂತ್ರ ತಯಾರಿಸುತ್ತಿದ್ದರು. ಯಂತ್ರದ ಹೆಸರು ಸನ್‌ಶೈನ್. ಅವರ ಕಾರ್ಖಾನೆ ಬ್ಯಾಲರಾಟ್ ಅನ್ನುವ ಊರಿನಿಂದ ಇಲ್ಲಿಗೆ ಬಂತು. 1907ರಲ್ಲಿ ಊರಿಗೂ ಅದೇ ಹೆಸರಿಟ್ಟರು. ಅದೇ ವರ್ಷ ಈ ಕಾರ್ಖಾನೆಯ ಕೂಲಿ ವಿಷಯ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಹಿಗಿನ್ಸ್ ಅವರು ಮಾಲೀಕನಿಗೆ ಎಷ್ಟು ಕೊಡಲು ಸಾಧ್ಯ ಅಂತ ಕೇಳಲಿಲ್ಲ. ಕೆಲಸಗಾರರ ಹೆಂಡತಿಯರ ಸಾಕ್ಷಿ ತೆಗೆದುಕೊಂಡರು. ಬಾಡಿಗೆ, ದಿನಸಿ, ಹಾಲು, ಸೌದೆ ಅಂತ ಮನೆಖರ್ಚು ಲೆಕ್ಕ ಹಾಕಿದರು. ಗಂಡ, ಹೆಂಡತಿ, ಮೂರು ಮಕ್ಕಳ ಸಂಸಾರ ಮರ್ಯಾದೆಯಿಂದ ಬದುಕಲು ಕಸುಬು ಕಲಿಯದ ಕೂಲಿಯವನಿಗೂ ದಿನಕ್ಕೆ 7 ಶಿಲ್ಲಿಂಗ್ ಬೇಕೇ ಬೇಕು ಅಂದರು. ಮರುವರ್ಷ ದೊಡ್ಡ ಕೋರ್ಟಿನಲ್ಲಿ ಮಾಲೀಕರ ಕಡೆ ಗೆದ್ದಿತು. ಆದರೆ ಆ ಲೆಕ್ಕ ಹಾಗೇ ಉಳಿಯಿತು, ಮುಂದೆ ಇಡೀ ಆಸ್ಟ್ರೇಲಿಯಾದ ಕೂಲಿಗೆ ಅದೇ ಅಡಿಪಾಯ ಆಯಿತು. ಹೆಂಗಸರ ಕೂಲಿ ಕಡಿಮೆ ಇಡುವುದಕ್ಕೂ ಇದೇ ಲೆಕ್ಕ ತೋರಿಸಿದರು, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೀವು ಮಿಲ್ಲಿನ ಗೇಟಿನಲ್ಲಿ ಬೋನಸ್ಸಿಗಾಗಿ ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ. ಇದನ್ನು ಓದಿದ ದಿನ ನಿಮಗೆ ಹೇಳಬೇಕು ಅನ್ನಿಸಿತ್ತು.

ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಆ ಜಾಗದಲ್ಲಿ ಈಗ ಶಾಪಿಂಗ್ ಸೆಂಟರ್ ಇದೆ. ಜನ ಮಾತ್ರ ಇನ್ನೂ ದುಡಿಯುವವರೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಾಲ್ಟಾ, ಇಟಲಿ, ಪೋಲೆಂಡ್ ಕಡೆಯವರು ಬಂದರು. ಆಮೇಲೆ ವಿಯೆಟ್ನಾಂನವರು, ಅವರ ಹಿಂದೆ ಆಫ್ರಿಕಾದವರು, ಬರ್ಮಾದವರು, ನಮ್ಮಂಥವರು. ಹ್ಯಾಂಪ್‌ಶೈರ್ ರಸ್ತೆಯಲ್ಲಿ ನಡೆದರೆ ಒಂದೊಂದು ಅಂಗಡಿಯ ಮುಂದೆ ಒಂದೊಂದು ಭಾಷೆ ಕೇಳಿಸುತ್ತದೆ.

ಇಲ್ಲಿ ನೇಬರ್‌ಹುಡ್ ಹೌಸ್ ಅಂತ ಇರುತ್ತವೆ. ಬಡಾವಣೆಯ ಜನ ಸೇರುವುದಕ್ಕೆ, ಏನಾದರೂ ಕಲಿಯುವುದಕ್ಕೆ ಇರುವ ಮನೆ. ಗುರುವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋಗಿ ಪೌರತ್ವದ ಪರೀಕ್ಷೆಗೆ ಓದುವವರ ಜೊತೆ ಕೂರುತ್ತೇನೆ. ಪರೀಕ್ಷೆಯಲ್ಲಿ 20 ಪ್ರಶ್ನೆ, 15 ಸರಿ ಇರಬೇಕು. ಅದರಲ್ಲಿ ದೇಶದ ಮೌಲ್ಯಗಳ ಬಗ್ಗೆ 5 ಪ್ರಶ್ನೆ ಇರುತ್ತವೆ, ಆ ಐದೂ ಸರಿ ಇರಲೇಬೇಕು. ವಿಯೆಟ್ನಾಂನ ಒಬ್ಬರು ಬರುತ್ತಿದ್ದರು, ನಮ್ಮ ಅಕ್ಕನಿಗಿಂತ ಸ್ವಲ್ಪ ದೊಡ್ಡವರು. ರಾತ್ರಿಯೆಲ್ಲ ಆಫೀಸುಗಳ ನೆಲ ಒರೆಸಿ, ನಿದ್ದೆಗಣ್ಣಿನಲ್ಲೇ ಬಂದು ಕೂರುತ್ತಿದ್ದರು. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಜೋರಾಗಿ ಓದುವುದು ಅವರ ಪದ್ಧತಿ. ಓಟು ಹಾಕುವುದು ಇಲ್ಲಿ ಕಡ್ಡಾಯ ಅನ್ನುವ ಪ್ರಶ್ನೆ ಬಂದಾಗಲೆಲ್ಲ ಬೆರಳು ನಿಲ್ಲಿಸಿ, "ಇದು ನನಗೆ ಬೇಕು" ಅನ್ನುತ್ತಿದ್ದರು. ಪಾಸಾದ ವಾರ ತಮ್ಮ ಹಿತ್ತಲಿನ ಮಜ್ಜಿಗೆ ಹುಲ್ಲು ಒಂದು ದೊಡ್ಡ ಕಟ್ಟು ತಂದುಕೊಟ್ಟರು. ನಾನು ಅದನ್ನು ಟೀಗೂ ಹಾಕಿದೆ, ಸಾರಿಗೂ ಹಾಕಿದೆ. ಅಮ್ಮ, ಸಾರು ಚೆನ್ನಾಗಿತ್ತು.

ತಿಂಗಳಿಗೊಮ್ಮೆ ಕೊರೊರಾಯ್ಟ್ ಕ್ರೀಕ್ ಹತ್ತಿರ ಗಿಡ ನೆಡಲು ಹೋಗುತ್ತೇವೆ, ಮಕ್ಕಳೂ ಬರುತ್ತಾರೆ. ಹಳ್ಳದ ದಂಡೆಯಲ್ಲಿ ಮೊದಲು ಕಸ, ಟೈರು, ಮುಳ್ಳುಪೊದೆ ತುಂಬಿದ್ದವಂತೆ. ಸುತ್ತಲಿನ ಜನ ವರ್ಷಗಟ್ಟಲೆ ಕೈಯಾರೆ ಕಿತ್ತು ಕಿತ್ತು ಇಲ್ಲಿಯದೇ ಹುಲ್ಲು, ಗಿಡ, ರೆಡ್ ಗಮ್ ಮರ ಬೆಳೆಸುತ್ತಾ ಬಂದಿದ್ದಾರೆ. ಇಲ್ಲಿ ಗಿಡ ಹಚ್ಚುವುದು ಚಳಿಗಾಲದಲ್ಲಿ, ಬೇಸಿಗೆಗೆ ಮೊದಲು ಬೇರು ಕೆಳಗೆ ಇಳಿಯಬೇಕಲ್ಲ. ಮಣ್ಣು ಥೇಟ್ ದೊಡ್ಡಪ್ಪನ ಎರೆ ಹೊಲದ್ದು. ಮಳೆಗೆ ಬೂಟಿಗೆ ಅಂಟಿಕೊಂಡು ಕಾಲು ಎತ್ತಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಗುಂಡಿ ತೋಡಿ ಸಸಿ ಇಟ್ಟ ಮೇಲೆ ಸುತ್ತ ಬಿದಿರಿನ ಕಡ್ಡಿ ಚುಚ್ಚಿ ಪ್ಲಾಸ್ಟಿಕ್ ಕವಚ ಹಾಕಬೇಕು. ಇಲ್ಲದಿದ್ದರೆ ಬೆಳಗಾಗುವುದರೊಳಗೆ ಮೊಲ ಮೇದುಬಿಡುತ್ತವೆ. ಚಿಕ್ಕವನಿಗೆ ಕವಚ ಹಾಕುವ ಕೆಲಸ ಬಹಳ ಇಷ್ಟ, ಯಾರಿಗೂ ಮುಟ್ಟಲು ಕೊಡುವುದಿಲ್ಲ.

ಅಲ್ಲೇ ಮಾಲ್ಟಾದ ಒಬ್ಬ ಹಿರಿಯರ ಪರಿಚಯವಾಯಿತು. ಕಾರ್ಖಾನೆಯ ಕೊನೆಗಾಲದಲ್ಲಿ ಅಲ್ಲಿ ಕೆಲಸಕ್ಕಿದ್ದವರು. ನಮ್ಮಪ್ಪ ಬಟ್ಟೆ ಮಿಲ್ಲಿನಲ್ಲಿ ಇದ್ದರು ಅಂದೆ. ಸಲಿಕೆ ಬಿಟ್ಟು ನಿಂತುಬಿಟ್ಟರು. ಯಾವ ವಿಭಾಗ, ಎಷ್ಟು ಹೊತ್ತಿನ ಪಾಳಿ, ಮುಚ್ಚಿದಾಗ ಬಾಕಿ ಕೊಟ್ಟರಾ ಅಂತ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಈಗ ಸಿಕ್ಕಾಗಲೆಲ್ಲ ಮೊದಲು "ಅಪ್ಪ ಹೇಗಿದ್ದಾರೆ?" ಅಂತಲೇ ಕೇಳುತ್ತಾರೆ. ಹೊಸ ಬಡಾವಣೆಯಲ್ಲಿ ದೊಡ್ಡ ಮನೆ ಸಿಗಬಹುದು ಅಪ್ಪಾಜಿ. ನೀವು ಮಾಡಿದ ಕೆಲಸ ಎಂಥದ್ದು ಅಂತ ತಿಳಿದು ಕೇಳುವವರು ನನಗೆ ಸಿಕ್ಕಿದ್ದು ಇಲ್ಲಿ.

ಅಮ್ಮ, ನೀನು ಗಾಬರಿಯಾಗಬೇಡ. ಸ್ಕೂಲಿಗೆ ದುಡ್ಡು ಸೇರಿಸಲು ಸಾಸೇಜ್ ಅನ್ನುವ ಮಾಂಸದ ತಿನಿಸು ಸುಟ್ಟು ಮಾರುತ್ತಾರೆ. ನಾನು ಬೇರೆ ಬಾಣಲೆಯಲ್ಲಿ ಈರುಳ್ಳಿ ಹುರಿಯುತ್ತೇನೆ, ಅಷ್ಟೇ. ಹೋದ ಸಲ ಪಕ್ಕದಲ್ಲೇ ಮಿರ್ಚಿ ಮಂಡಕ್ಕಿ ಇಟ್ಟಿದ್ದೆ. ಮಧ್ಯಾಹ್ನಕ್ಕೆ ಮುಂಚೆ ಖಾಲಿ! ಸುಡಾನ್ ಕಡೆಯ ಹುಡುಗರು ಮಿರ್ಚಿ ಇನ್ನೂ ಖಾರ ಇರಲಿ ಅಂದರು.

ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಕಡೆ ದೀಪವೇ ಇಲ್ಲ. ಎರಡನೇ ಪಾಳಿ ಮುಗಿಸಿ ಬರುವ ಹೆಂಗಸರಿಗೆ ತುಂಬಾ ಕಷ್ಟ. ನಾವು ಕೆಲವರು ಸಹಿ ಸಂಗ್ರಹ ಮಾಡುತ್ತಿದ್ದೇವೆ. ಕೆಲಸ ಆಗುವ ತನಕ ಬಿಡುವುದಿಲ್ಲ.

ಬರುವ ವರ್ಷ ಜೂನ್ ತಿಂಗಳಲ್ಲಿ ನೀವಿಬ್ಬರೂ ಬನ್ನಿ, ಗಿಡ ಹಚ್ಚುವ ಕಾಲ. ವೀಸಾ ಕಾಗದಪತ್ರ ನಿಮ್ಮ ಅಳಿಯಂದಿರು ನೋಡಿಕೊಳ್ಳುತ್ತಾರೆ. ಇಬ್ಬರ ಸ್ವೆಟರೂ ಇರಲಿ. ಬಿಪಿ ಮಾತ್ರೆಯನ್ನು ಡಾಕ್ಟರ ಚೀಟಿಯ ಜೊತೆಗೇ ಇಟ್ಟುಕೊಳ್ಳಿ. ಅಮ್ಮ, ಮೆಂತ್ಯ, ಹಾಗಲ ಅಂತ ಬೀಜ ಕಟ್ಟಿಕೊಂಡು ಬರಬೇಡ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ. ಇಲ್ಲೇ ಸಿಗುತ್ತವೆ. ಅಪ್ಪಾಜಿ, ಮಿಲ್ಲಿನ ಹಳೇ ಫೋಟೋ ಇದ್ದರೆ ಮಾತ್ರ ಮರೆಯದೆ ತನ್ನಿ, ಆ ಹಿರಿಯರು ನೋಡಬೇಕಂತೆ.

ಇಂತಿ ನಿಮ್ಮ ಪ್ರೀತಿಯ ಮಗಳು