ನವೆಂಬರ್ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಅಂತೂ ಲೈಫ್ ಸರ್ಟಿಫಿಕೇಟ್ ತಿಂಗಳು ಮುಗಿಯಿತು. ಪಿಂಚಣಿ ತಗೊಳ್ಳುವವರಿಗೆ ಇದರ ತಲೆಬಿಸಿ ಗೊತ್ತೇ ಇದೆ, ಬದುಕಿದ್ದೇವೆ ಅಂತ ವರ್ಷಕ್ಕೊಂದು ಸಲ ತೋರಿಸಬೇಕು. ಹಾಸನದಲ್ಲಿ ನಾವೊಂದಿಷ್ಟು ಜನ ನಿವೃತ್ತರು ದೇವಸ್ಥಾನದ ಜಗುಲಿಯಲ್ಲಿ ಟೇಬಲ್ ಹಾಕಿಕೊಂಡು, ಬಂದವರಿಗೆಲ್ಲ ಮೊಬೈಲ್‌ನಲ್ಲೇ ಇದನ್ನು ಮಾಡಿಕೊಟ್ಟೆವು. ದುಡ್ಡು ಮುಟ್ಟಲಿಲ್ಲ. ಕಾಫಿ ಕೊಟ್ಟರೆ ಮಾತ್ರ ಬೇಡ ಅನ್ನಲಿಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಬೀದಿಯ ಡಿಗ್ರಿ ಓದುವ ಹುಡುಗಿಗೆ. ಮೊಬೈಲ್‌ನಲ್ಲಿ ಮುಖ ತೋರಿಸಿ ಸರ್ಟಿಫಿಕೇಟ್ ಮಾಡೋಕೆ ಜೀವನ್ ಪ್ರಮಾಣ್ ಆ್ಯಪ್ ಒಂದು, ಮುಖ ಗುರುತಿಸುವ ಆಧಾರ್ ಫೇಸ್ ಆರ್‌ಡಿ ಅಂತ ಇನ್ನೊಂದು, ಎರಡೂ ಇರಲೇಬೇಕು. ಅವಳೇ ಮಾಡಿಕೊಡಬಹುದಿತ್ತು. ಆದರೆ "ಆಂಟಿ, ನಾನು ಫೋನ್ ಮುಟ್ಟಲ್ಲ, ನೀವೇ ಒತ್ತಿ" ಅಂತ ಕೈ ಕಟ್ಟಿಕೊಂಡು ಕೂತಳು. ಬ್ಯಾಂಕಿನಿಂದ ರಿಟೈರ್ ಆದಮೇಲೆ ಎಲ್ಲರೂ ನನಗೆ "ನೀವು ಸುಮ್ನೆ ಕೂತ್ಕೊಳ್ಳಿ ಮೇಡಂ" ಅಂತಲೇ ಹೇಳುತ್ತಿದ್ದರು. ಕೆಲಸ ಹೇಳಿದವಳು ಇವಳೊಬ್ಬಳೇ.

ರಿಟೈರ್ ಆಗಿ ಊರಿಗೆ ಹೋಗಿ ಆಲೂಗಡ್ಡೆ, ಶುಂಠಿ ಬೆಳೆದವರ ಬೆರಳು ಸವೆದಿರುತ್ತದೆ, ಬೆರಳಚ್ಚು ಮಿಷನ್ ಅವರನ್ನು ಗುರುತೇ ಹಿಡಿಯಲ್ಲ. 2021ರಲ್ಲಿ ಮುಖ ನೋಡಿ ಗುರುತಿಸುವ ವ್ಯವಸ್ಥೆ ಬಂತು, ಬದುಕಿದೆವು. ಅದರಲ್ಲಿ ಕಣ್ಣು ಮಿಟುಕಿಸಬೇಕು, ಆಮೇಲೆ ಮರುಮದುವೆ ಆಗಿದ್ದೀರಾ ಅಂತ ಬೇರೆ ಕೇಳುತ್ತದೆ. ಗಂಡನ ಪಿಂಚಣಿ ಬರುತ್ತಿರುವ ಒಬ್ಬ ಅಜ್ಜಿ ಅದಕ್ಕೆ "ಗಂಡು ನೋಡಿದ್ದೀಯೇನವ್ವಾ?" ಅಂದುಬಿಟ್ಟರು. ಜಗುಲಿಯೆಲ್ಲ ನಕ್ಕಿತು. ಆ ಅಜ್ಜಿಗೂ ಥ್ಯಾಂಕ್ಸ್.

ನಮ್ಮ ಲೈನ್‌ಮನ್ ಅಣ್ಣನಿಗೆ ಎಷ್ಟು ಹೇಳಿದರೂ ಕಡಿಮೆ. ಹಾಸಿಗೆ ಹಿಡಿದವರು ಟೇಬಲ್ ಹತ್ತಿರ ಹೇಗೆ ಬರುತ್ತಾರೆ ಹೇಳಿ? ಸಾಲಗಾಮೆ, ದುದ್ದ ಕಡೆಯೆಲ್ಲ ಸ್ಕೂಟರ್‌ನಲ್ಲಿ ಹೋಗಿ, ನೆಟ್‌ವರ್ಕ್ ಸಿಗದ ಮನೆಯಲ್ಲಿ ಸಿಗ್ನಲ್ ಹುಡುಕಿಕೊಂಡು ಮಂಚವನ್ನೇ ಬಾಗಿಲ ಹತ್ತಿರ ಎಳೆಸಿ, ಬೆಳಕು ಬೀಳುವ ಹಾಗೆ ಕೂರಿಸಿ ಮಾಡಿಕೊಟ್ಟು ಬಂದರು. ಕೇಂದ್ರದ ಪಿಂಚಣಿಯಲ್ಲಿ 80 ತುಂಬಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ಆದರೆ ನಮ್ಮೂರಲ್ಲಿ ಸಾಮಾನ್ಯವಾಗಿ ಅದೇ ಸುಮಾರಿಗೆ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುತ್ತಾರೆ, ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ ಅಲ್ವಾ. ಆ ಗದ್ದಲದಲ್ಲೂ ಹಿರಿಯರನ್ನು ಹುಷಾರಾಗಿ ಕರೆತಂದ ಆಟೋದವರಿಗೆ ದೊಡ್ಡ ನಮಸ್ಕಾರ.

ತಮ್ಮ ಸರ್ಟಿಫಿಕೇಟ್ ಮಾಡಿಸೋಕೆ ಬಂದು ಇಲ್ಲೇ ಉಳಿದುಬಿಟ್ಟ ಮೇಷ್ಟ್ರಿಗೆ ಥ್ಯಾಂಕ್ಸ್. ಅವರ ಒಂದು ಗದರಿಕೆಗೆ ಸಾಲು ನೆಟ್ಟಗಾಗುತ್ತಿತ್ತು. ಇನ್ನು ನಮ್ಮ ಯಜಮಾನರು. ತಿಂಗಳೆಲ್ಲ ಮಧ್ಯಾಹ್ನದ ಅಡುಗೆ ಅವರದೇ. ಸಾರು ಚೆನ್ನಾಗಿತ್ತು ಅಂತ ಬರೆಯಬೇಕಂತೆ, ಬರೆದಿದ್ದೇನೆ.

ನವೆಂಬರ್‌ನಲ್ಲಿ ಕೊಡೋಕೆ ಆಗದವರು ಗಾಬರಿಯಾಗಬೇಡಿ. ಪಿಂಚಣಿ ನಿಂತಿದ್ದರೂ ಸರ್ಟಿಫಿಕೇಟ್ ಕೊಟ್ಟಮೇಲೆ ಬಾಕಿ ಸೇರಿಸಿ ಹಾಕುತ್ತಾರೆ. ಬಸ್ ನಿಗಮದಿಂದ ರಿಟೈರ್ ಆಗಿ ಇಪಿಎಸ್-95 (ಪಿಎಫ್ ಕಚೇರಿಯಿಂದ ಬರುವ) ಪಿಂಚಣಿ ತಗೊಳ್ಳುವವರಿಗಂತೂ ನವೆಂಬರೇ ಆಗಬೇಕೆಂದಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಟೇಬಲ್ ಇನ್ನೂ ಇರುತ್ತದೆ. ಆಧಾರ್, ಪಿಪಿಒ (ಪಿಂಚಣಿ ಆದೇಶದ) ನಂಬರ್, ಪಾಸ್‌ಬುಕ್ ತನ್ನಿ. ಒಟಿಪಿ ಬರುವ ಫೋನ್ ಬೆಂಗಳೂರಿನಲ್ಲಿ ಮಗನ ಜೇಬಿನಲ್ಲಿದ್ದರೆ, ಆ ಹೊತ್ತಿಗೆ ನಿದ್ದೆ ಮಾಡಬೇಡ ಅಂತ ಅವನಿಗೆ ಮೊದಲೇ ಹೇಳಿಟ್ಟು ಬನ್ನಿ.