ಬೊಲ್ಲುವಿನ ಹಲ್ಲಿನ ವಿಷಯ

ದಿವಾಕರ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು. "ಹನ್ನೊಂದು ವರ್ಷದ ನಾಯಿಗೆ ಆಪರೇಷನ್ ಎಲ್ಲ ಬೇಕಾ ಮಾರಾಯ?" ನಾನು ಸರಿಯಾಗಿ ಉತ್ತರ ಕೊಡದೆ ಮಳೆಯ ಸುದ್ದಿ ಹೇಳಿ ಫೋನ್ ಇಟ್ಟೆ. ಬೊಲ್ಲುವನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ನಮ್ಮ ಜಗಲಿಯಲ್ಲಿ ಬಿಟ್ಟು ಮಸ್ಕತ್ತಿಗೆ ಹೋದವನು ನೀನು. ಕೇಳುವ ಹಕ್ಕು ನಿನಗುಂಟು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನನಗೆ ಮೊದಲು ಗೊತ್ತಾದದ್ದು ಬಂಗುಡೆ ತಲೆಯಿಂದ. ಅಮ್ಮ ಮೀನು ಸಾರು ಮಾಡಿದ ದಿನ ಉಪ್ಪು ಖಾರ ಹಾಕದೆ ಬೇಯಿಸಿದ ತಲೆ ಅವನ ಪಾಲು. ತಟ್ಟೆ ನೆಲ ಮುಟ್ಟುವ ಮೊದಲೇ ಖಾಲಿ ಆಗುತ್ತಿತ್ತು. ಹೋದ ವರ್ಷ ಒಂದು ದಿನ ನೋಡುತ್ತೇನೆ, ಬಾಯಿಗೆ ಹಾಕಿಕೊಂಡವನು ಕೆಳಗೆ ಬೀಳಿಸಿದ. ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ಕತ್ತು ಓರೆ ಮಾಡಿ ಎಡಗಡೆಯಿಂದ ಕಚ್ಚಿದ. ಪೂರ್ತಿ ತಿಂದ. ತಿಂದನಲ್ಲ, ಇನ್ನೇನು ಅಂತ ನಾನು ಸುಮ್ಮನಾದೆ. ಹಲ್ಲು ನೋವಾದರೆ ನಾಯಿ ಊಟ ಬಿಡುತ್ತದೆ ಅಂದುಕೊಂಡಿದ್ದೆ. ಬಿಡುವುದಿಲ್ಲ ದಿವಾಕರ. ಒಂದೇ ಕಡೆ ಅಗಿಯುತ್ತದೆ, ಇಲ್ಲವಾದರೆ ಅಗಿಯದೆ ನುಂಗುತ್ತದೆ. ನಮಗೆ ಕಾಣುವುದು ಖಾಲಿ ತಟ್ಟೆ ಮಾತ್ರ.

ಆಮೇಲೆ ವಾಸನೆ. ಅವನು ಬಂದು ಮೊಣಕಾಲ ಮೇಲೆ ಗಲ್ಲ ಇಟ್ಟರೆ ಮಲ್ಪೆ ಬಂದರಿನ ಮಧ್ಯಾಹ್ನ ನೆನಪಾಗುತ್ತಿತ್ತು. ನಾಯಿ ಬಾಯಿ ಅಂದರೆ ಹೀಗೇ ಅಂತ ನಗಾಡಿದೆವು. ಎರಡು ಸಲ ಆ್ಯಂಟಿಬಯಾಟಿಕ್ ಕೋರ್ಸ್ ಆಯಿತು. ಮಾತ್ರೆ ನಡೆಯುವಾಗ ವಾಸನೆ ಇಲ್ಲ, ಮುಗಿದು ಸ್ವಲ್ಪ ದಿನಕ್ಕೆ ಪುನಃ ಅದೇ ಕಥೆ.

ಇನ್ನು ನಾನು ಮಾಡಿದ ದಡ್ಡತನ ಕೇಳು. ನಾಯಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಯೊಂದರಲ್ಲಿ "ಇಂಜೆಕ್ಷನ್ ಇಲ್ಲದೆ ಹಲ್ಲು ಕ್ಲೀನ್" ಅಂದರು. ಒಬ್ಬ ಹಿಡಿದ, ಇನ್ನೊಬ್ಬ ಕೆರೆದ. ಕಾಲು ಗಂಟೆಯಲ್ಲಿ ಹಲ್ಲು ಬೆಳ್ಳಗೆ. ನಿನಗೆ ಫೋಟೋ ಕಳಿಸಿದ್ದೆ, ನೀನು ಹೆಬ್ಬೆರಳು ಎತ್ತಿದ್ದೆ. ಅದೇ ಫೋಟೋ ನೋಡಿ ನಾನು ಆರು ತಿಂಗಳು ನಿಶ್ಚಿಂತೆಯಾಗಿ ಕೂತೆ. ಮಳೆಗಾಲದಲ್ಲಿ ಅಂಗಳದ ಹಾವಸೆ ಉಜ್ಜುತ್ತೇವಲ್ಲ, ಕಲ್ಲಿನ ಮೇಲಿನದ್ದು ಹೋಗುತ್ತದೆ, ಸಂದಿಯದ್ದು ಅಲ್ಲೇ ಇರುತ್ತದೆ. ಇದೂ ಹಾಗೇ. ರೋಗ ಇರುವುದು ಒಸಡಿನ ಕೆಳಗೆ. ಎಚ್ಚರವಿರುವ ನಾಯಿ ಅಲ್ಲಿಗೆ ಉಪಕರಣ ಹಾಕಲು ಬಿಡುವುದೇ ಇಲ್ಲ.

ಈ ಆಟಿ ತಿಂಗಳಲ್ಲಿ ಬಲಗಣ್ಣಿನ ಕೆಳಗೆ ಅಡಿಕೆಯಷ್ಟು ದಪ್ಪ ಬಾವು ಬಂತು. ಕಣಜ ಕಚ್ಚಿದೆ ಅಂತ ಅಮ್ಮ ಅರಸಿನ ಹಚ್ಚಿದಳು. ಎರಡು ದಿನ ಕಾದು ಮಂಗಳೂರಿಗೆ ಕರಕೊಂಡು ಹೋದೆ. ಡಾಕ್ಟರ್ ಮೇಡಂ ಕಣ್ಣನ್ನು ನೋಡಲೇ ಇಲ್ಲ. ಸೀದಾ ತುಟಿ ಎತ್ತಿದರು. ಮೇಲಿನ ದವಡೆಯ ದೊಡ್ಡ ಹಲ್ಲಿನ ಮೇಲೆ ಕಂದು ಬಣ್ಣದ ಟಾರ್ಟರ್, ಬಿಸಿನೀರಿನ ಹಂಡೆಯೊಳಗೆ ಕಟ್ಟುತ್ತದಲ್ಲ, ಆ ಥರ. ಅದರ ಅಂಚಿನಲ್ಲಿ ಒಸಡು ಕೆಂಪು. ಹತ್ತಿಯಲ್ಲಿ ಮೆತ್ತಗೆ ಒತ್ತಿದರು, ಕೀವು ಬಂತು. ಬೊಲ್ಲು ಕುಂಯ್ ಅನ್ನಲಿಲ್ಲ. ನನ್ನ ಕೈಯನ್ನು ನೆಕ್ಕಿದ, ಅಷ್ಟೆ.

ನಾಯಿಗೆ 42 ಹಲ್ಲು ಅಂತೆ, ನಮಗಿಂತ ಹತ್ತು ಜಾಸ್ತಿ. ಅದರಲ್ಲಿ ಈ ಹಲ್ಲಿಗೆ ಮೂರು ಬೇರು. ಬೇರಿನ ತುದಿ ಹತ್ತಿರ ಹತ್ತಿರ ಕಣ್ಣಿನ ಕೆಳಗೇ ಇರುತ್ತದೆ. ಅಲ್ಲಿ ಕೀವು ತುಂಬಿದರೆ ಬಾವು ಕೆನ್ನೆಯಲ್ಲಿ ಕಾಣುತ್ತದೆ. ಶುರುವಾಗುವುದು ಮಾತ್ರ ಸಣ್ಣದರಿಂದ. ಹಲ್ಲಿನ ಮೇಲೆ ಲೋಳೆ ಕೂರುತ್ತದೆ. ಎರಡು ಮೂರು ದಿನದಲ್ಲೇ ಅದು ಎಂಜಲಿನ ಸುಣ್ಣ ಹೀರಿ ಗಟ್ಟಿಯಾಗಲು ಶುರು, ಅದೇ ಟಾರ್ಟರ್. ಒಸಡು ಬರೀ ಕೆಂಪಾಗಿದ್ದಾಗ ಕ್ಲೀನ್ ಮಾಡಿದರೆ ಮೊದಲಿನ ಹಾಗೇ ಆಗುತ್ತದೆ. ಒಳಗಿನ ಎಲುಬು ಕರಗಿದ ಮೇಲೆ ಆ ಎಲುಬು ವಾಪಸ್ ಬರುವುದಿಲ್ಲ. ಬಂಗುಡೆ ತಲೆ ಬೀಳಿಸಿದ ದಿನವೇ ಬಂದಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. ಮೇಡಂ ಒಳ್ಳೆಯವರು, ಉತ್ತರ ಕೊಡಲಿಲ್ಲ.

ಈಗ ತೀರ್ಮಾನದ ವಿಷಯ. ಮಾತ್ರೆ ಕೊಡುತ್ತಾ ಇರಬಹುದು. ಕೀವು ಇಳಿಯುತ್ತದೆ, ಹಾಳಾದ ಬೇರು ಅಲ್ಲೇ ಇರುತ್ತದೆ, ಮತ್ತೆ ತುಂಬುತ್ತದೆ. ಅದನ್ನು ನಾನು ಎರಡು ಸಲ ನೋಡಿ ಆಗಿದೆ. ಇನ್ನೊಂದು, ಅನಸ್ತೇಶಿಯಾ ಕೊಟ್ಟು ಮಲಗಿಸಿ, ಎಕ್ಸ್-ರೇ ತೆಗೆದು, ಒಸಡಿನ ಒಳಗೆಲ್ಲ ಕ್ಲೀನ್ ಮಾಡಿ, ಉಳಿಯದ ಹಲ್ಲು ಕೀಳುವುದು. ಎಷ್ಟು ಹಲ್ಲು ಅಂತ ಕೇಳಿದರೆ ಮಲಗಿಸಿದ ಮೇಲೇ ಹೇಳುವುದು ಅಂದರು. ಖರ್ಚೂ ಹಾಗೇ, ಇಷ್ಟರಿಂದ ಇಷ್ಟು. ನನ್ನ ಅರ್ಧ ತಿಂಗಳ ಸಂಬಳ ಅಂತ ಇಟ್ಟುಕೋ. ಇಲ್ಲ, ನಿನ್ನಿಂದ ದುಡ್ಡು ಬೇಡ. ಮೊದಲೇ ಹೇಳಿಬಿಡುತ್ತೇನೆ.

ಹಲ್ಲು ಉಳಿಸುವ ದಾರಿಯೂ ಉಂಟು. ರೂಟ್ ಕೆನಾಲ್ ನಾಯಿಗೂ ಮಾಡುತ್ತಾರೆ. ಆದರೆ ಹಿಡಿದುಕೊಳ್ಳಲು ಎಲುಬೇ ಇಲ್ಲದ ಹಲ್ಲಿಗೆ ಅದರಿಂದ ಪ್ರಯೋಜನ ಇಲ್ಲ. ಅಲುಗಾಡದ ಹಲ್ಲುಗಳನ್ನು ಆಳಕ್ಕೆ ಕ್ಲೀನ್ ಮಾಡಿ ಉಳಿಸಬಹುದು, ಆಮೇಲೆ ದಿನಾ ಬ್ರಷ್ ಮಾಡಬೇಕು. ಇಲ್ಲಿ ನಾನು ಸುಳ್ಳು ಹೇಳಬಾರದು, ಅಲ್ವಾ? ಎರಡು ವರ್ಷದ ಹಿಂದೆ ನಮ್ಮ ಪೇಸ್ಟ್ ಹಾಕಿ ಉಜ್ಜಲು ಹೋಗಿ ಬೆರಳು ಕಚ್ಚಿಸಿಕೊಂಡವನು ನಾನು. ಅದೂ ತಪ್ಪೇ ಅಂತೆ. ನಾಯಿಗೆ ಉಗುಳಲು ಬರುವುದಿಲ್ಲ, ಫ್ಲೋರೈಡ್ ಎಲ್ಲ ಹೊಟ್ಟೆಗೆ. ಕೆಲವು ಪೇಸ್ಟಿನಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ಅಂತೂ ನಾಯಿಗೆ ವಿಷ. ಅವಕ್ಕೆ ಕೋಳಿ ರುಚಿಯ ಪೇಸ್ಟೇ ಬೇರೆ ಸಿಗುತ್ತದೆ. ಆದರೂ ಈ ವಯಸ್ಸಿನಲ್ಲಿ ಬೊಲ್ಲು ದಿನಾ ಬಾಯಿ ಬಿಟ್ಟು ಕೂರುತ್ತಾನೆ ಅಂತ ನನಗೆ ನಂಬಿಕೆ ಇಲ್ಲ. ಅದಕ್ಕೇ ಮೇಡಂಗೆ ಹೇಳಿದೆ, ಅನುಮಾನ ಇರುವ ಹಲ್ಲನ್ನೂ ತೆಗೆದುಬಿಡಿ, ನನ್ನ ಬ್ರಷ್ಷನ್ನು ನಂಬಿ ಉಳಿಸಬೇಡಿ ಅಂತ. ಹೇಳುವಾಗ ನಾಚಿಕೆಯಾಯಿತು. ಆದರೆ ಅವನನ್ನು ಇನ್ನೊಂದು ಸಲ ಮಲಗಿಸುವುದಕ್ಕಿಂತ ನನ್ನ ನಾಚಿಕೆಯೇ ವಾಸಿ.

ಅಮ್ಮನ ಹೆದರಿಕೆಯೂ ನಿನ್ನದೇ. "ಮಲಗಿಸಿದವನು ಏಳದಿದ್ದರೆ?" ನಾನೂ ಅದನ್ನೇ ಕೇಳಿದೆ. ಅಪಾಯ ಇಲ್ಲವೇ ಇಲ್ಲ ಅಂತ ಮೇಡಂ ಹೇಳಲಿಲ್ಲ. ಅದು ನನಗೆ ಹಿಡಿಸಿತು. ವಯಸ್ಸಿಗಿಂತ ಕಿಡ್ನಿ, ಲಿವರ್, ಹೃದಯ ಹೇಗಿದೆ ಅನ್ನುವುದು ಮುಖ್ಯ ಅಂದರು. ರಕ್ತ ಪರೀಕ್ಷೆ, ಇಸಿಜಿ ಎರಡೂ ಆಯಿತು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸರಿಯುಂಟು. ಶ್ವಾಸನಾಳಕ್ಕೆ ಟ್ಯೂಬ್ ಹಾಕುತ್ತಾರೆ, ಉಸಿರಾಟಕ್ಕೂ ಆಯಿತು, ಕ್ಲೀನ್ ಮಾಡುವಾಗಿನ ನೀರು ಶ್ವಾಸಕೋಶಕ್ಕೆ ಹೋಗದ ಹಾಗೂ ಆಯಿತು. ಕೈಗೆ ಡ್ರಿಪ್. ಸಣ್ಣ ನಾಯಿಗಳಿಗೆ ಮೈ ಬೇಗ ತಣ್ಣಗಾಗುತ್ತದಂತೆ, ಅದಕ್ಕೆ ಕೆಳಗೆ ಬೆಚ್ಚನೆಯ ಹಾಸು. ಇಷ್ಟೆಲ್ಲ ಅಮ್ಮನಿಗೆ ಹೇಳಿದರೆ ಅವಳು ಕೇಳಿದ್ದು, "ಹಲ್ಲಿಲ್ಲದೆ ತಿನ್ನುವುದು ಹೇಗೆ?" ಗಂಜಿ, ಮುಳ್ಳು ಬಿಡಿಸಿದ ಮೀನು. ಅಜ್ಜ ಕೊನೆಯ ಎಂಟು ವರ್ಷ ಅದರಲ್ಲೇ ಇದ್ದರಲ್ಲ ಅಂದೆ. ಆಗ ಅವಳು ಒಪ್ಪಿದಳು.

ಹಾಂ, ನೋವಿಗೆ ನಮ್ಮ ಮಾತ್ರೆ ಅರ್ಧ ಕೊಡು ಅಂದಿದ್ದೆಯಲ್ಲ, ಕೊಟ್ಟಿಲ್ಲ. ಐಬುಪ್ರೊಫೆನ್‌ನಿಂದ ನಾಯಿಗಳಿಗೆ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿಯೂ ಹಾಳಾಗುತ್ತದೆ. ಅವರು ಕೊಟ್ಟದ್ದು ಮಾತ್ರ ಕೊಡುತ್ತಿದ್ದೇನೆ. ಕುರಿ ಎಲುಬು ಕೊಡುವುದನ್ನೂ ನಿಲ್ಲಿಸಿದೆ. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದದ್ದು ಹಲ್ಲು ಮುರಿಯುತ್ತದಂತೆ. ಹಲ್ಲು ಗಟ್ಟಿಯಾಗಲಿ ಅಂತ ಇಷ್ಟು ವರ್ಷ ಭಾನುವಾರ ತಪ್ಪದೆ ಕೊಟ್ಟೆವಲ್ಲ.

ನಾಳೆ ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಹೊಟ್ಟೆ ಖಾಲಿ ಇರಬೇಕು, ರಾತ್ರಿ ಹತ್ತರ ನಂತರ ಊಟ ಇಲ್ಲ. ಈಗ ಹನ್ನೊಂದು ಗಂಟೆ. ಅವನು ಖಾಲಿ ತಟ್ಟೆಯನ್ನು ಮೂಗಿನಲ್ಲಿ ದೂಡಿಕೊಂಡು ಅಡುಗೆಮನೆಯಿಂದ ನನ್ನ ಕುರ್ಚಿಯವರೆಗೆ ತಂದಿದ್ದಾನೆ. ಅಮ್ಮ ಒಳಗಿನಿಂದ, ಒಂದು ಚಮಚ ಗಂಜಿ ಕೊಟ್ಟರೆ ಏನಾಗುತ್ತದೆ ಅಂತ ಮೂರನೇ ಸಲ ಕೇಳಿದಳು. ತಟ್ಟೆಯನ್ನು ಫ್ರಿಜ್ಜಿನ ಮೇಲೆ ಇಟ್ಟು ಬಂದೆ.

ಮಧ್ಯಾಹ್ನದವರೆಗೆ ನೀನು ಫೋನ್ ಮಾಡಬೇಡ. ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಸಂಜೆ ನಾನೇ ಹೇಳುತ್ತೇನೆ.

ನಿನ್ನ,
ಸತೀಶ
ಅಂಬಲಪಾಡಿ, ಉಡುಪಿ