ಚಳಿಗೆ ಒಲೆ ಹಚ್ಚಿಟ್ಟು ಮಲಗಬೇಡ

ಮಾಳಮಡ್ಡಿ, ಧಾರವಾಡ

ಚಿರಂಜೀವಿ ತಮ್ಮನಿಗೆ ಅತ್ತೆಯ ಆಶೀರ್ವಾದ.

ಪತ್ರ ಮುಟ್ಟಿತು. ಟೆಂಪೊ ಟ್ರಾವೆಲರ್ ಒಳಗೆ ನೀನು ಮಾಡಿಸಿದ ಮಂಚ, ಅಡುಗೆ ಕಟ್ಟೆಯ ಫೋಟೋಗಳನ್ನು ಓಣಿಯವರಿಗೆಲ್ಲ ತೋರಿಸಿದೆ. ಎರಡನೇ ಸಲ ಓದುವಾಗ ಒಂದು ಸಾಲಿಗೆ ಎದೆ ಧಸಕ್ ಅಂತು. ಊಟಿಯ ಚಳಿಗೆ ಕಿಟಕಿ ಎಲ್ಲ ಹಾಕಿ, ಗ್ಯಾಸ್ ಒಲೆ ಸಣ್ಣಗೆ ಹಚ್ಚಿಟ್ಟು ಮಲಗಿದಿರಿ. ಬೆಳಿಗ್ಗೆ ಇಬ್ಬರಿಗೂ ತಲೆ ಹಿಡಿದಿತ್ತು, ಘಾಟಿನ ತಿರುವಿನಿಂದ ಇರಬೇಕು ಅಂತ ಬರೆದಿದ್ದೀ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ತಮ್ಮಾ, ಘಾಟಿನ ತಲೆನೋವಾದರೆ ಗಾಡಿ ಓಡುವಾಗ ಬರಬೇಕು. ರಾತ್ರಿ ಮಲಗಿ ಎದ್ದಾಗ ಇಬ್ಬರಿಗೂ ಒಟ್ಟಿಗೇ ಬರುತ್ತದಾ?

ನಮ್ಮಕ್ಕನ ಬಾಣಂತನ ನೆನಪಾಗುತ್ತಿದೆ. ಹಿತ್ತಲ ಕಡೆಯ ಕೋಣೆ. ಗಾಳಿ ಸೋಕಬಾರದು ಅಂತ ಕಿಟಕಿಯ ಸಂದಿಗೂ ಅರಿವೆ ತುರುಕಿದ್ದರು. ಹೊರಸಿನ ಕೆಳಗೆ ಇದ್ದಿಲ ಕೆಂಡ. ಅಕ್ಕ ತಲೆ ಸಿಡಿಯುತ್ತದೆ ಅನ್ನುತ್ತಿದ್ದಳು. ಒಂದು ಮುಂಜಾನೆ ಎಬ್ಬಿಸಿದರೆ ಏಳಲೇ ಇಲ್ಲ. ಎತ್ತಿಕೊಂಡು ಪಡಸಾಲೆಗೆ ತಂದರು. ಹೊರಗಿನ ಗಾಳಿಗೆ ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟಳು. ಮನೆಯವರು ದೃಷ್ಟಿ ಅಂದರು. ಹಿಂದಿನ ದಿನ ಕೂಸು ನೋಡಲು ಬಂದಿದ್ದ ಪಕ್ಕದ ಮನೆಯಾಕೆಯ ಮೇಲೆ ಹೊರಿಸಿದರು. ಉಪ್ಪು, ಮೆಣಸಿನಕಾಯಿ ಇಳಿಸಿ ಅದೇ ಕೆಂಡಕ್ಕೆ ಹಾಕಿದರು. ಅಕ್ಕ ಆಮೇಲೆ ಆ ಹೆಂಗಸಿನ ಜೊತೆ ಮಾತೇ ಬಿಟ್ಟಳು. ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ತುಂಬಿಕೊಳ್ಳುತ್ತದೆ ಅಂತ ನನಗೆ ತಿಳಿಯುವಷ್ಟರಲ್ಲಿ ಇಬ್ಬರೂ ಇರಲಿಲ್ಲ. ಅಕ್ಕನಿಗೆ ಹೇಳಲಾಗಲಿಲ್ಲ ಅನ್ನುವ ಕೊರಗು ಇವತ್ತಿಗೂ ಹೋಗಿಲ್ಲ.

ಗ್ಯಾಸ್ ಒಲೆಯೂ ಹಾಗೇ. ಅಷ್ಟು ಸಣ್ಣ ಗಾಡಿಯಲ್ಲಿ ಕಿಟಕಿ ಹಾಕಿದರೆ ಆಮ್ಲಜನಕ ಕಡಿಮೆಯಾಗುತ್ತ ಹೋಗುತ್ತದೆ. ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಈ ವಿಷ ಹುಟ್ಟುತ್ತದೆ. ಸೋರಿದರೆ ವಾಸನೆ ಬರುತ್ತದಲ್ಲ ಅಂತ ನಾವು ಧೈರ್ಯವಾಗಿರುತ್ತೇವೆ. ಆ ವಾಸನೆ ಸೋರಿದ್ದು ಗೊತ್ತಾಗಲಿ ಅಂತ ಬೇಕಂತಲೇ ಬೆರೆಸಿದ್ದು. ಉರಿದಾಗ ಹುಟ್ಟುವ ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲಿದ್ದವರಿಗೆ ಏಳಬೇಕು ಅನ್ನುವುದೇ ತಿಳಿಯುವುದಿಲ್ಲ.

ನನ್ನ ಅಳಿಯ ಅಮೆರಿಕದಲ್ಲಿ ಇಂಥದೇ ಗಾಡಿ ಬಾಡಿಗೆಗೆ ತಗೊಂಡಿದ್ದ. ಅಲ್ಲಿ ಪ್ರೋಪೇನ್ ಗ್ಯಾಸಿನ ಹೀಟರ್ ಬೇರೆ ಇರುತ್ತದಂತೆ. ಅದು ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆಯುತ್ತದೆ, ಹೊಗೆಯನ್ನೂ ಹೊರಗೇ ಬಿಡುತ್ತದೆ. ಅಡುಗೆ ಒಲೆಯಿಂದ ಗಾಡಿ ಕಾಯಿಸಬೇಡಿ ಅಂತ ಒಲೆಯ ಹತ್ತಿರವೇ ಚೀಟಿ ಅಂಟಿಸಿರುತ್ತಾರೆ. ಸಿಲಿಂಡರಿಗೆ ಹೊರಗಿನಿಂದ ಬಾಗಿಲಿರುವ ಗೂಡು, ಒಳಗಿನ ಮನೆಗೂ ಅದಕ್ಕೂ ಸಂಬಂಧ ಇಲ್ಲ. ನಿನ್ನ ಫೋಟೋದಲ್ಲಿ ಸಿಲಿಂಡರ್ ಮಂಚದ ಕೆಳಗೇ ಕಂಡಿತು. ನಿಮ್ಮ ಕೂಸು ಮಲಗುವ ಜಾಗ ಅಲ್ವಾ ಅದು?

ಓದಿದವನು ನೀನು, ನಿನಗೆ ನಾನೇನು ಹೇಳಲಿ. ಆದರೂ ಮೊನ್ನೆ ಗ್ಯಾಸ್ ಪೈಪ್ ಬದಲಿಸಲು ಬಂದ ಹುಡುಗನನ್ನು ಕೂರಿಸಿ, ಚಹಾ ಕೊಟ್ಟು ಕೇಳಿದೆ. ಬಟ್ಟಲಲ್ಲಿ ಸೋಪಿನ ನೀರು ಕಲಸಿ, ರೆಗ್ಯುಲೇಟರಿನ ಸುತ್ತ, ಪೈಪಿನ ಎರಡೂ ತುದಿಗೆ ಬೆರಳಿನಿಂದ ಹಚ್ಚಿ ತೋರಿಸಿದ. ಸೋರುತ್ತಿದ್ದರೆ ಅಲ್ಲೇ ಗುಳ್ಳೆ ಏಳುತ್ತದೆ. ಗಾಡಿ ಕುಲುಕಿ ಕುಲುಕಿ ಜೋಡಣೆ ಸಡಿಲವಾಗುತ್ತದೆ, ಹೊರಡುವ ಮೊದಲು ಸುಮ್ನೆ ಒಂದು ಸಲ ನೋಡಿಬಿಡು. ಕಡ್ಡಿ ಗೀರಿ ಮಾತ್ರ ನೋಡಬೇಡ. ಗಾಡಿ ಓಡುವಾಗ, ಮಲಗುವಾಗ ಸಿಲಿಂಡರ್ ಬಂದ್ ಇರಲಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಅಡ್ಡ ಮಲಗಿಸಬಾರದು ಅಂದ.

ಮತ್ತೆ ತಲೆನೋವಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಕಾರ್ಬನ್ ಮೊನಾಕ್ಸೈಡಿಗೆ ಕೂಗುವ ಅಲಾರಾಂ ಸಿಗುತ್ತದೆ. ಮಲಗುವ ಕಡೆ, ತಲೆಯ ಮಟ್ಟಕ್ಕೆ ಹಾಕಿಸು. ಸೋರಿದ ಗ್ಯಾಸಿಗೆ ಅಲಾರಾಂ ಬೇರೆ. ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂಡುತ್ತದೆ, ಅದಕ್ಕೆ ಆ ಅಲಾರಾಂ ನೆಲದ ಹತ್ತಿರ ಇರಬೇಕು. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡ, ಬಾಗಿಲು ತೆಗೆದು ಎಲ್ಲರೂ ಇಳಿದುಬಿಡಿ. ದೂರ ಹೋದ ಮೇಲೆ ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡು. ಅಡುಗೆ ಮಾಡುವಾಗ ಒಂದು ಕಿಟಕಿಯಾದರೂ ತೆಗೆದಿರಲಿ, ಚಳಿ ಇದ್ದರೂ.

ನೀವು ಮುಂದೆ ಹೋಗುವ ಮನಾಲಿಯಲ್ಲಿ ಊಟಿಗಿಂತ ಜಾಸ್ತಿ ಚಳಿ. ಎರಡು ಕೌದಿ ಹೊಲಿದು ಇಟ್ಟಿದ್ದೇನೆ, ದಪ್ಪ ಇವೆ. ನಾಳೆ ಬಸ್ಸಿಗೆ ಹಾಕಿಸುತ್ತೇನೆ. ಜಾಗ ಇಲ್ಲ ಅನ್ನಬೇಡ.

ಒಂದು ಮಾತು ನೀನು ಬರೆದಿಲ್ಲ. ಆ ದಿನ ಬೆಳಿಗ್ಗೆ ಕೂಸು ಹೇಗಿತ್ತು? ವಾಂತಿ ಮಾಡಿತ್ತಾ? ಎಬ್ಬಿಸಿದಾಗ ಮಂಕಾಗಿತ್ತಾ? ಅದಕ್ಕೆ ತಲೆ ನೋಯುತ್ತದೆ ಅಂತ ಹೇಳಲು ಬರುವುದಿಲ್ಲ. ಪತ್ರಕ್ಕೆ ಕಾಯಬೇಡ, ಇದು ಮುಟ್ಟಿದ ಕೂಡಲೇ ಫೋನ್ ಮಾಡು.

ನಿನ್ನ ಅತ್ತೆ